ಹೊಳೆಯ ತಳದಲ್ಲೊಂದು ಸುರಂಗ: ವಿಶ್ವೇಶ್ವರಯ್ಯನವರು ಸುಕ್ಕೂರಿನಲ್ಲಿ ಮಾಡಿದ್ದೇನು?

ಹಳೆಯ ಕೋಟೆಯೋ ದೊಡ್ಡ ದೇವಸ್ಥಾನವೋ ಇರುವ ಊರಿಗೆ ಹೋಗಿ ಅರ್ಧ ಗಂಟೆ ಕೂತರೆ ಸಾಕು, ಯಾರಾದರೊಬ್ಬರು ಸುರಂಗದ ಕಥೆ ಎತ್ತುತ್ತಾರೆ. ಗರ್ಭಗುಡಿಯ ಹಿಂದಿನಿಂದ ಹೊರಟು ಅರಮನೆಗೆ ಹೋಗುತ್ತದಂತೆ, ರಾಜರು ಕುದುರೆಯ ಮೇಲೆ ಕೂತೇ ಹೋಗುತ್ತಿದ್ದರಂತೆ, ಈಗ ಬಾವಲಿ ತುಂಬಿಕೊಂಡು ಬಾಯಿ ಮುಚ್ಚಿಸಿಬಿಟ್ಟಿದ್ದಾರಂತೆ. ಊರು ಹೊಳೆ ದಂಡೆಯಲ್ಲಿದ್ದರೆ ಆ ಸುರಂಗ ಹೊಳೆಯ ಕೆಳಗೇ ಹಾದುಹೋಗಿರುತ್ತದೆ. ಮೈಸೂರು ಜಿಲ್ಲೆಯಲ್ಲಿ ಹೊಳೆ ದಂಡೆಯ ಊರುಗಳಿಗೇನು ಬರವೇ? ಕಪಿಲೆಯ ಮಗ್ಗುಲಲ್ಲಿ ನಂಜನಗೂಡು, ಅದೇ ಕಪಿಲೆ ಕಾವೇರಿಯನ್ನು ಕೂಡುವಲ್ಲಿ ಟಿ. ನರಸೀಪುರ.

ಇಂಥ ಕಥೆಯನ್ನು ಸುಳ್ಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ನಮಗೆ ಕುತೂಹಲ ಹುಟ್ಟಿಸಿದ್ದು ಬೇರೆ ಪ್ರಶ್ನೆ. ಹೊಳೆಯ ತಳದಲ್ಲಿ ಸುರಂಗ ತೋಡಬೇಕಾದರೆ ನಿಜಕ್ಕೂ ಏನೇನು ಬೇಕು? ಯಂತ್ರಗಳು ಕಡಿಮೆಯಿದ್ದ ಕಾಲದಲ್ಲಿ ಅಂಥದ್ದನ್ನು ಮಾಡಿಸಿದ ಕನ್ನಡಿಗರು ಯಾರಾದರೂ ಇದ್ದಾರೆಯೇ?

ಇದ್ದಾರೆ. ಜರಿಪೇಟ ತೊಟ್ಟ ಅವರ ಭಾವಚಿತ್ರವನ್ನು ನೀವು ನೂರಾರು ಸಲ ನೋಡಿದ್ದೀರಿ. ಅವರ ಹೆಸರಿನಲ್ಲಿ ಕಾಲೇಜು, ವಿಶ್ವವಿದ್ಯಾಲಯ, ಮ್ಯೂಸಿಯಂ, ಬಡಾವಣೆ, ಕಾಲುವೆ ಎಲ್ಲ ಇವೆ. ಆದರೆ ಸರ್ ಎಂ. ವಿಶ್ವೇಶ್ವರಯ್ಯ ಎಂದಾಕ್ಷಣ ನಮ್ಮ ನೆನಪು ಕನ್ನಂಬಾಡಿ ಕಟ್ಟೆಯ ಮುಂದೆ ಹೋಗಿ ನಿಂತುಬಿಡುತ್ತದೆ. ಪ್ರತಿ ಸೆಪ್ಟೆಂಬರ್ 15ರಂದು ವಾಟ್ಸಾಪಿನಲ್ಲಿ ಓಡಾಡುವುದು ರೈಲಿನ ಸದ್ದು ಕೇಳಿಯೇ ಮುಂದೆ ಹಳಿ ಮುರಿದಿದೆ ಎಂದು ಅವರು ಹೇಳಿದ ಕಥೆ. ಆ ಕಥೆಗಿಂತ ಗಟ್ಟಿಯಾದ, ಆದರೆ ಯಾರೂ ಫಾರ್ವರ್ಡ್ ಮಾಡದ ಕೆಲಸವೊಂದು ಅವರ ಮೂವತ್ತರ ಹರೆಯದಲ್ಲಿ ನಡೆದಿತ್ತು, ಇಲ್ಲಿಂದ ಬಹಳ ದೂರದಲ್ಲಿ, ಸಿಂಧೂ ನದಿಯ ದಂಡೆಯಲ್ಲಿ.

ಮುದ್ದೇನಹಳ್ಳಿಯಿಂದ ಪುಣೆಗೆ

ಹುಟ್ಟಿದ್ದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ವರ್ಷ 1860 ಎಂದು ಕೆಲವರೂ 1861 ಎಂದು ಕೆಲವರೂ ಬರೆಯುತ್ತಾರೆ. ಜನ್ಮಶತಾಬ್ದಿಯ ಅಂಚೆಚೀಟಿ ಬಂದದ್ದು 1960ರಲ್ಲಿ. ತಂದೆ ಮೋಕ್ಷಗುಂಡಂ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ತಂದೆ ಬೇಗ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಹೊಟ್ಟೆಪಾಡಿಗೆ ಮನೆಪಾಠ ಹೇಳಬೇಕಾಯಿತು. ಬಿ.ಎ. ಮುಗಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಪಾಸಾದರು. ಮರುವರ್ಷವೇ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಕೆಲಸ.

ಓದಿಸಿದ್ದು ಮೈಸೂರು, ಕೆಲಸಕ್ಕೆ ಹೋದದ್ದು ಬಾಂಬೆಗೆ. ಮುಂದಿನ ಇಪ್ಪತ್ತನಾಲ್ಕು ವರ್ಷ ಅವರು ಕಲಿತದ್ದೆಲ್ಲ ಬೇರೆಯವರ ಹೊಳೆಗಳ ಮೇಲೆ.

ಪಾಂಜ್ರಾ ಹೊಳೆ ಕಲಿಸಿದ ಪಾಠ

ಕೆಲಸಕ್ಕೆ ಸೇರಿದ ಹೊಸತರಲ್ಲೇ ಖಾನ್‌ದೇಶದಲ್ಲಿ, ಅಂದರೆ ಈಗಿನ ಮಹಾರಾಷ್ಟ್ರದ ಧುಳೆ ಕಡೆ, ಅವರಿಗೊಂದು ಕೆಲಸ ಒಪ್ಪಿಸಿದರು. ಪಾಂಜ್ರಾ ಹೊಳೆಯ ಒಂದು ಕವಲನ್ನು ದಾಟಿಸಿ ಕಾಲುವೆ ನೀರು ಕೊಂಡೊಯ್ಯಲು ಪೈಪ್ ಸೈಫನ್ ಹಾಕಬೇಕು.

ನಾಲೆ ಬಯಲಿನ ರೈತರಿಗೆ ಸೈಫನ್ ಹೊಸ ಪದವಲ್ಲ. ಕಾಲುವೆಗೆ ಹಳ್ಳ ಅಡ್ಡ ಬಂದರೆ ದಾರಿ ಎರಡು. ಕಂಬ ಎಬ್ಬಿಸಿ ಮೇಲ್ಗಾಲುವೆ ಕಟ್ಟಬಹುದು, ಇಲ್ಲವೇ ಹಳ್ಳದ ತಳದಡಿಯಲ್ಲಿ ಪೈಪು ಹೂಳಬಹುದು. ಎರಡನೆಯದರಲ್ಲಿ ನೀರು ಈ ದಂಡೆಯಲ್ಲಿ ಇಳಿದು, ತಳದಲ್ಲಿ ಓಡಿ, ಆ ದಂಡೆಯಲ್ಲಿ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಏಳುತ್ತದೆ. ಕಟ್ಟಡದ ಕೆಲಸದವರು ನೀರು ತುಂಬಿದ ಪಾರದರ್ಶಕ ಟ್ಯೂಬಿನ ಎರಡು ತುದಿ ಹಿಡಿದು ಮಟ್ಟ ನೋಡುವುದಿಲ್ಲವೇ, ಅದೇ ತತ್ವ. ಪಂಪು ಬೇಡ.

ತತ್ವ ಇಷ್ಟು ಸರಳವಾದರೂ ಹೂಳುವುದು ಸರಳವಲ್ಲ. ಮಳೆ ಹಿಡಿಯಿತು, ಹೊಳೆ ಏರಿತು, ತೋಡಿದ ಕಡೆಯೆಲ್ಲ ಮರಳು ಬಂದು ತುಂಬಿಕೊಂಡಿತು. ಮಳೆಗಾಲ ಕಳೆದ ಮೇಲೆ ಮುಂದುವರಿಸೋಣ ಎಂದು ಯುವಕ ವಿಶ್ವೇಶ್ವರಯ್ಯ ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಅದು ಕೆಲಸದಿಂದ ನುಣುಚಿಕೊಳ್ಳುವ ಹುನ್ನಾರದಂತೆ ಕಂಡಿತು. ಹೇಳಿದ ಮಾತು ಕೇಳುವವನಲ್ಲ ಎಂಬ ಅರ್ಥದ ಉತ್ತರ ಬಂತು. ನೌಕರಿಗೆ ಸೇರಿ ವರ್ಷ ತುಂಬಿರದ, ತಂದೆಯಿಲ್ಲದ ಮನೆಯ ಹುಡುಗನಿಗೆ ಅಂಥ ಕಾಗದ ಎಷ್ಟು ಭಾರವಾಗಿರಬಹುದು, ಯೋಚಿಸಿ. ಅವರು ಮಳೆಯಲ್ಲೇ ಕೆಲಸ ಹಿಡಿದು ಸೈಫನ್ ಮುಗಿಸಿಕೊಟ್ಟರು. ನಮ್ಮ ಲೆಕ್ಕದಲ್ಲಿ ಮಾತ್ರ ಮೊದಲ ಕಾಗದವೇ ಸರಿಯಾಗಿತ್ತು. ತುಂಬಿದ ಹೊಳೆಯಲ್ಲಿ ಅಗೆಯಬಾರದು ಎಂಬುದು ಇವತ್ತಿಗೂ ಎಂಜಿನಿಯರುಗಳು ಪಾಲಿಸುವ ನಿಯಮ.

ಯಾಕೆ ಎಂದು ಸ್ವಲ್ಪ ಬಿಡಿಸಿ ನೋಡೋಣ. ಒಣ ಮರಳಿನಲ್ಲಿ ಕಾಳು ಕಾಳಿಗೆ ಒತ್ತಿಕೊಂಡು ಕೂತಿರುತ್ತದೆ. ಆ ಒತ್ತಿನಿಂದಲೇ ಮರಳಿಗೆ ಬಲ. ಮರಳಿನ ಸಂದಿಗಳಲ್ಲಿ ನೀರು ತುಂಬಿ, ಆ ನೀರು ಕೆಳಗಿನಿಂದ ಮೇಲಕ್ಕೆ ನುಗ್ಗತೊಡಗಿದರೆ ಕಾಳುಗಳನ್ನು ಎತ್ತಿ ಸಡಿಲಿಸುತ್ತದೆ. ಒಂದು ಹಂತ ದಾಟಿದರೆ ಮರಳು ನೆಲವಾಗಿ ಉಳಿಯುವುದಿಲ್ಲ, ಗಂಜಿಯಂತಾಗುತ್ತದೆ. ಬೇಸಿಗೆಯಲ್ಲಿ ಹೊಳೆ ಮರಳಿನಲ್ಲಿ ಒರತೆ ತೋಡಿದವರಿಗೆ ಇದು ಗೊತ್ತು. ನಿಧಾನಕ್ಕೆ ನೀರು ಮೊಗೆದರೆ ಒರತೆ ತಿಳಿಯಾಗಿರುತ್ತದೆ. ಆತುರದಿಂದ ಬರಿದು ಮಾಡಿದರೆ ತಳದ ಮರಳು ಕುದಿಯುವ ಹಾಗೆ ಮೇಲೆದ್ದು ಗೋಡೆಗಳು ಕುಸಿಯುತ್ತವೆ. ಒರತೆಯಲ್ಲಿ ಆಗುವುದು ಮೂರಡಿಯ ಕುಸಿತ. ಹೊಳೆಯ ಕೆಳಗಿನ ಸುರಂಗದಲ್ಲಾದರೆ ಹೊಳೆಯೇ ಒಳಗೆ ಬರುತ್ತದೆ.

ಇನ್ನೊಂದು ತಾಪತ್ರಯವಿದೆ, ಅದನ್ನು ಕೇಳಿದವರು ಮೊದಲಿಗೆ ನಂಬುವುದಿಲ್ಲ. ಹೂತ ಪೈಪು ಮೇಲಕ್ಕೆ ತೇಲಲು ನೋಡುತ್ತದೆ. ಒಂದು ಮೀಟರ್ ಅಗಲದ ಖಾಲಿ ಪೈಪನ್ನು ನೀರು ತುಂಬಿದ ಮರಳಿನಲ್ಲಿಟ್ಟರೆ ಅದರ ಪ್ರತಿ ಮೀಟರ್ ಉದ್ದವನ್ನೂ ಸುಮಾರು 785 ಕೆ.ಜಿ. ಬಲ ಮೇಲಕ್ಕೆ ತಳ್ಳುತ್ತಿರುತ್ತದೆ. ಪೈಪಿನ ಸ್ವಂತ ತೂಕ, ಮೇಲಿನ ಮರಳಿನ ತೂಕ ಎರಡೂ ಸೇರಿ ಅದನ್ನು ಅದುಮಿ ಹಿಡಿಯಬೇಕು. ಪ್ರವಾಹ ಬಂದು ಮೇಲಿನ ಮರಳನ್ನು ಕೊಚ್ಚಿಕೊಂಡು ಹೋದರೆ ಹಿಡಿತ ಹೋಯಿತು.

ಇದನ್ನೆಲ್ಲ ಸೂತ್ರವಾಗಿ ಕಟ್ಟಿಕೊಟ್ಟವರು ಕಾರ್ಲ್ ಟೆರ್ಜಾಗಿ. ಮಣ್ಣಿನ ಯಂತ್ರಶಾಸ್ತ್ರಕ್ಕೆ ತಳಹದಿ ಹಾಕಿದ ಅವರ ಪುಸ್ತಕ ಬಂದದ್ದು 1925ರಲ್ಲಿ, ಅವರು ಹುಟ್ಟಿದ್ದೇ 1883ರಲ್ಲಿ. ಅಂದರೆ ವಿಶ್ವೇಶ್ವರಯ್ಯನವರು ಪಾಂಜ್ರಾ ಮರಳಿನೊಂದಿಗೆ ಗುದ್ದಾಡುತ್ತಿದ್ದಾಗ ಆ ಶಾಸ್ತ್ರದ ಪಿತಾಮಹ ಇನ್ನೂ ತೊಟ್ಟಿಲಿನಲ್ಲಿದ್ದರು.

ಸುಕ್ಕೂರು, 1894

ಹತ್ತು ವರ್ಷ ಕಳೆಯಿತು. ಆಗ ಸಿಂಧ್ ಕೂಡ ಬಾಂಬೆ ಪ್ರಾಂತ್ಯಕ್ಕೇ ಸೇರಿತ್ತು. ಈಗ ಪಾಕಿಸ್ತಾನದಲ್ಲಿರುವ ಸುಕ್ಕೂರು ಸಿಂಧೂ ನದಿಯ ಬಲದಂಡೆಯ ಪಟ್ಟಣ. ಆ ನದಿಯನ್ನು ನಡುವೆ ಕಂಬವಿಲ್ಲದೆ ದಾಟುವ ಲ್ಯಾನ್ಸ್‌ಡೌನ್ ಸೇತುವೆ 1889ರಲ್ಲೇ ಅಲ್ಲಿ ತಲೆ ಎತ್ತಿತ್ತು. ರೈಲು ದಾಟಿಸಲು ಹಣವಿತ್ತು, ಊರಿನವರಿಗೆ ಕುಡಿಯುವ ನೀರು ಸೋಸಲು ಇರಲಿಲ್ಲ. ಸಿಂಧೂ ನೀರು ಕೆಂಪು ಕೆಸರು. ಸೋಸುವ ಮರಳ ತೊಟ್ಟಿಗಳನ್ನು ಕಟ್ಟಿಸುವಷ್ಟು ದುಡ್ಡು ಪುರಸಭೆಯ ಬಳಿ ಇರಲಿಲ್ಲ.

ಸೋಸದ ನೀರು ಎಂದರೆ ಆಗ ಏನರ್ಥ ಎಂಬುದಕ್ಕೆ ಹೊಸ ಸಾಕ್ಷಿ ಯೂರೋಪಿನಿಂದ ಬಂದಿತ್ತು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಕಾಲರಾ ಬಡಿದು 8,000ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣ ಬಹುಮಟ್ಟಿಗೆ ಪಾರಾಯಿತು. ಎರಡೂ ಕುಡಿಯುತ್ತಿದ್ದುದು ಎಲ್ಬೆ ನದಿಯ ನೀರನ್ನೇ. ಆಲ್ಟೋನಾ ಇನ್ನೂ ಕೆಳಪಾತ್ರದಲ್ಲಿತ್ತು, ಅದಕ್ಕೆ ಸಿಗುತ್ತಿದ್ದುದು ಹ್ಯಾಂಬರ್ಗಿನ ಕೊಳೆ ಸೇರಿದ ನೀರು. ಒಂದೇ ಒಂದು ವ್ಯತ್ಯಾಸವೆಂದರೆ ಆಲ್ಟೋನಾದಲ್ಲಿ ನೀರು ಮರಳಿನ ಮೂಲಕ ನಿಧಾನವಾಗಿ ಇಳಿದು ಬರುತ್ತಿತ್ತು.

ಸುಕ್ಕೂರಿಗೆ ವಿಶ್ವೇಶ್ವರಯ್ಯನವರು ಕೊಟ್ಟ ಉಪಾಯವನ್ನು ಒಂದು ಸಾಲಿನಲ್ಲಿ ಹೀಗೆ ಹೇಳಬಹುದು: ಸೋಸುವ ಮರಳನ್ನು ಕೊಂಡುತರಲು ಹಣವಿಲ್ಲದಿದ್ದರೆ ಹೊಳೆಯೇ ಹಾಸಿರುವ ಮರಳನ್ನು ಬಳಸಿಕೊಳ್ಳುವುದು. ದಂಡೆಗೆ ಹತ್ತಿರವಾಗಿ, ನದಿಯ ಪಾತ್ರದಲ್ಲೇ ಒಂದು ದುಂಡನೆಯ ಬಾವಿ ತೋಡಿಸಿದರು. ಮರಳಿನೊಳಗಿಂದ ಬಸಿದ ತಿಳಿನೀರು ಬಾವಿಗೆ ಬಂತು. ಬಾವಿಯೊಂದಕ್ಕೇ ಊರಿಗೆ ಸಾಲುವಷ್ಟು ನೀರು ದಕ್ಕುವುದಿಲ್ಲವಾದ್ದರಿಂದ ಬಾವಿಯ ತಳದಿಂದ ನದಿಯ ಪಾತ್ರದ ಅಡಿಗೆ ಸುರಂಗ ಹೊಡೆಸಿದರು. ಹೆಚ್ಚು ಜಾಗದಿಂದ ನೀರು ಬಸಿದು ಸುರಂಗಕ್ಕೆ, ಸುರಂಗದಿಂದ ಬಾವಿಗೆ, ಬಾವಿಯಿಂದ ಪಂಪಿನಲ್ಲಿ ಗುಡ್ಡದ ಮೇಲಿನ ತೊಟ್ಟಿಗೆ, ಅಲ್ಲಿಂದ ಊರಿಗೆ. 1895ರಲ್ಲಿ ಸುಕ್ಕೂರಿನ ನಲ್ಲಿಗಳಲ್ಲಿ ನೀರು ಬಂತು.

ಇದರ ಜಾಣತನ ಎಲ್ಲಿದೆ ಎಂಬುದನ್ನು ಗಮನಿಸಿ. ಜನ ಅಥವಾ ರೈಲು ಓಡುವ ಸುರಂಗಕ್ಕೆ ನೀರು ಶತ್ರು, ಒಂದು ಹನಿಯೂ ಬರಬಾರದು. ಸುಕ್ಕೂರಿನ ಸುರಂಗಕ್ಕೆ ನೀರೇ ಬೇಕು, ಬರಬಾರದ್ದು ಮರಳು. ಎಷ್ಟು ನಿಧಾನವಾಗಿ ನೀರು ಬಸಿದರೆ ಮರಳು ಕದಲುವುದಿಲ್ಲ, ಎಷ್ಟು ಬೇಗ ಬಸಿದರೆ ಊರಿಗೆ ಸಾಲುತ್ತದೆ, ಇವೆರಡರ ನಡುವಿನ ಕಿರಿದಾದ ಜಾಗದಲ್ಲೇ ಇಂಥ ಸುರಂಗ ಬದುಕಬೇಕು. ಬಾವಿಯ ಜೊತೆ ಅಡ್ಡ ಸುರಂಗ ಸೇರಿಸಿದ್ದಕ್ಕೂ ಕಾರಣ ಇದೇ. ಬೇಕಾದಷ್ಟು ನೀರನ್ನು ಒಂದೇ ಬಾವಿಯ ಸುತ್ತಿನಿಂದ ಎಳೆದರೆ ಅಲ್ಲಿ ವೇಗ ಹೆಚ್ಚಿ ಮರಳೂ ಎದ್ದು ಬರುತ್ತದೆ. ಅಷ್ಟೇ ನೀರನ್ನು ಉದ್ದಕ್ಕೆ ಚಾಚಿದ ಸುರಂಗದ ಮೈಯಿಂದ ಪಡೆದರೆ ಪ್ರತಿ ಅಡಿಯಲ್ಲೂ ವೇಗ ಕಡಿಮೆ. ಮರಳಿನಲ್ಲಿ ನೀರು ಹರಿಯುವ ಲೆಕ್ಕವನ್ನು ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲೇ ಬರೆದಿಟ್ಟಿದ್ದರು. ಇಂದು ಹೊಳೆ ದಂಡೆಯ ಜಾಕ್‌ವೆಲ್, ಬಸಿಯುವ ಪೈಪಿನ ಸಾಲು ಎಂದೆಲ್ಲ ನಮ್ಮ ನೀರು ಸರಬರಾಜಿನವರು ಮಾಡುವ ಕೆಲಸ ಇದರ ಬಳಗವೇ.

ಆಮೇಲೆ ಸೂರತ್ತಿಗೂ ಅವರು ನೀರಿನ ಯೋಜನೆ ಮಾಡಿದರು. 1906ರಲ್ಲಿ ಏಡನ್‌ಗೂ ಹೋಗಿಬಂದರು. ಆತ್ಮಕಥೆಯನ್ನು ಅವರು 1951ರಲ್ಲಿ ಪ್ರಕಟಿಸಿದಾಗಲೂ ಸುಕ್ಕೂರಿಗೆ ಹೆಚ್ಚು ಜಾಗ ಕೊಡಲಿಲ್ಲ. ಹೊಗಳಿಕೊಳ್ಳುವ ಸ್ವಭಾವ ಅವರದಲ್ಲ, ನಿಜ. ಆದರೂ ಇನ್ನು ನಾಲ್ಕು ಪುಟ ಬರೆದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತದೆ.

ಮರಳಿನಿಂದ ಬಸಿದ ನೀರು ಶುದ್ಧವೇ?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಒರತೆ ನೀರು ಅಮೃತ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮರಳು ಕೆಸರನ್ನು ತಡೆಯುತ್ತದೆ. ನೀರು ಸಾಕಷ್ಟು ದೂರ, ಸಾಕಷ್ಟು ನಿಧಾನವಾಗಿ ಹರಿದರೆ ರೋಗಾಣುಗಳಲ್ಲೂ ಬಹುಪಾಲನ್ನು ತಡೆಯುತ್ತದೆ. ಈ ಕೆಲಸದಲ್ಲಿ ಮರಳಿನಷ್ಟೇ ಪಾಲು ಅದರ ಮೇಲ್ಪದರದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ತೆಳು ಪೊರೆಗೂ ಇದೆ. ಆದರೆ ನೀರಿನಲ್ಲಿ ಕರಗಿಹೋದದ್ದನ್ನು ಮರಳು ಹಿಡಿಯಲಾರದು. ಗೊಬ್ಬರದಿಂದ ಬಂದ ನೈಟ್ರೇಟ್, ಫ್ಲೋರೈಡ್, ಕಾರ್ಖಾನೆ ನೀರಿನ ಲವಣಗಳು ಒರತೆಯಲ್ಲೂ ಹಾಗೇ ಇರುತ್ತವೆ. ದಂಡೆಯಲ್ಲಿ ಆಗಷ್ಟೇ ತೋಡಿದ ಎರಡಡಿ ಗುಂಡಿಗೆ ಹೊಳೆ ನೀರು ಬರುವುದು ಕೆಲವೇ ಅಡಿ ಮರಳು ದಾಟಿ. ಅದನ್ನು ಕಾಯಿಸದೆ ಕುಡಿಯಬೇಡಿ. 1895ಕ್ಕೆ ಸುಕ್ಕೂರಿನದು ದೊಡ್ಡ ಮುನ್ನಡೆ. ಇಂದಿನ ಊರಿಗೆ ಅದರ ಮೇಲೆ ಕ್ಲೋರಿನ್ನೂ ಬೇಕು, ಪರೀಕ್ಷೆಯೂ ಬೇಕು.

ಟಿ. ನರಸೀಪುರದ ಸಂಗಮದಲ್ಲಿ ಕಾವೇರಿ, ಕಪಿಲೆ ಅಲ್ಲದೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆ, ಅದಕ್ಕೇ ತಿರುಮಕೂಡಲು ಎನ್ನುತ್ತಾರೆ. ಅದು ನಂಬಿಕೆಯ ಮಾತು, ಅದನ್ನು ಅಳೆಯುವುದು ನಮ್ಮ ಕೆಲಸವಲ್ಲ. ಹೊಳೆಯ ಅಡಿಯಲ್ಲಿ ಇನ್ನೊಂದು ನೀರು ಇದೆ ಎಂಬುದಂತೂ ನಿಜ. ಕಾಣುವ ಹೊಳೆಯ ಕೆಳಗೆ, ಮರಳಿನ ಸಂದಿಗಳಲ್ಲಿ, ನೀರು ದಿನಕ್ಕೆ ಮೀಟರುಗಳ ಲೆಕ್ಕದಲ್ಲಿ ತೆವಳುತ್ತಾ ಹೋಗುತ್ತಿರುತ್ತದೆ. ಸುಕ್ಕೂರಿನ ಸುರಂಗ ಕುಡಿದದ್ದು ಆ ನೀರನ್ನು. ಇದೇ ತಾಲ್ಲೂಕಿನ ತಲಕಾಡಿನಲ್ಲಿ ಕಾವೇರಿಯ ಬಾಗಿನಲ್ಲಿ ಮರಳು ಎಷ್ಟು ದಪ್ಪಕ್ಕೆ ಕೂತಿದೆ ಎಂಬುದನ್ನು ಅರ್ಧಂಬರ್ಧ ಹೂತುಹೋದ ದೇವಸ್ಥಾನಗಳೇ ತೋರಿಸುತ್ತವೆ. ಹೊಳೆ ಪಾತ್ರದಿಂದ ಲಾರಿಗಟ್ಟಲೆ ಮರಳು ತೆಗೆಯುವಾಗ ಹೋಗುವುದು ಕಟ್ಟಡದ ಸಾಮಗ್ರಿಯೊಂದೇ ಅಲ್ಲ, ಈ ನೀರು ನಿಲ್ಲುವ ಜಾಗ, ಅದನ್ನು ಸೋಸುವ ಹಾಸು, ಸೇತುವೆ ಕಂಬಗಳ ಬುಡದ ಹಿಡಿತ ಮೂರೂ ಹೋಗುತ್ತವೆ.

ಹಾಗಾದರೆ ರಾಜರ ಸುರಂಗ?

ಮೊದಲಿನ ಪ್ರಶ್ನೆಗೆ ಬರೋಣ. ಹೊಳೆಯ ಅಡಿಯಲ್ಲಿ ಜನ ಓಡಾಡುವ ಸುರಂಗವನ್ನು ಜಗತ್ತಿನಲ್ಲಿ ಮೊದಲು ಸಾಧಿಸಿ ತೋರಿಸಿದ್ದು ಲಂಡನ್ನಿನಲ್ಲಿ, ಥೇಮ್ಸ್ ನದಿಯ ಕೆಳಗೆ, ಮಾರ್ಕ್ ಬ್ರೂನೆಲ್. ಮೆತ್ತನೆ ಮಣ್ಣು ಕುಸಿಯದಂತೆ ಮುಂಭಾಗವನ್ನು ಕಬ್ಬಿಣದ ಚೌಕಟ್ಟಿನಿಂದ ಒತ್ತಿಹಿಡಿದು, ಸ್ವಲ್ಪ ಸ್ವಲ್ಪವೇ ಅಗೆದು, ಹಿಂದೆಯೇ ಇಟ್ಟಿಗೆ ಕಟ್ಟುತ್ತಾ ಹೋಗುವ ವಿಧಾನ ಅವರದು. 1825ರಲ್ಲಿ ಶುರುವಾದ ಕೆಲಸ ಮುಗಿದದ್ದು 1843ರಲ್ಲಿ. ನಡುವೆ ನದಿ ಮತ್ತೆ ಮತ್ತೆ ಒಳನುಗ್ಗಿತು. 1828ರ ಜನವರಿಯಲ್ಲಿ ಆರು ಜನ ಸತ್ತರು, ಬ್ರೂನೆಲರ ಮಗ ಕೂದಲೆಳೆಯಲ್ಲಿ ಬದುಕಿದರು. ನಮ್ಮ ದೇಶದಲ್ಲಿ ಮೆಟ್ರೋ ರೈಲು ನದಿಯ ಕೆಳಗೆ ಓಡಿದ್ದು 2024ರ ಮಾರ್ಚ್‌ನಲ್ಲಿ, ಕೋಲ್ಕತ್ತಾದಲ್ಲಿ. ಹೂಗ್ಲಿಯ ತಳಕ್ಕಿಂತ ಸುಮಾರು 13 ಮೀಟರ್ ಆಳದಲ್ಲಿ 520 ಮೀಟರ್ ಉದ್ದ. ಅಲ್ಲಿ ಅಗೆಯುವ ಯಂತ್ರವೇ ಮುಂದಿನ ಮಣ್ಣನ್ನು ಸಮ ಒತ್ತಡದಲ್ಲಿ ತಡೆದು ಹಿಡಿಯುತ್ತದೆ.

ಒತ್ತಡದ ಲೆಕ್ಕ ಕಷ್ಟವೇನಲ್ಲ. ನೀರಿನ ಮಟ್ಟದಿಂದ ಹತ್ತು ಮೀಟರ್ ಕೆಳಗೆ ಪ್ರತಿ ಚದರ ಮೀಟರಿನ ಮೇಲೂ ಹತ್ತು ಟನ್ ನೀರಿನ ಭಾರ ಬೀಳುತ್ತದೆ. ಗೋಡೆಯಲ್ಲಿ ಎಲ್ಲಿ ಬಿರುಕಿದ್ದರೂ ನೀರು ಜಿನುಗುತ್ತಲೇ ಇರುತ್ತದೆ. ಹಗಲೂ ರಾತ್ರಿ ಎತ್ತಿ ಹೊರಹಾಕದಿದ್ದರೆ ಸುರಂಗ ಬಾವಿಯಾಗುತ್ತದೆ. ಗಾಳಿ ಬೇರೆ ಬೇಕು.

ನಂಜನಗೂಡು, ನರಸೀಪುರದ ನೆಲಕ್ಕೆ ಇನ್ನೊಂದು ತೊಡಕಿದೆ. ಈ ಸೀಮೆಯ ಅಡಿಯಲ್ಲಿರುವುದು ಬಹುತೇಕ ನೈಸ್ ಎಂಬ ಬಹಳ ಪುರಾತನ ಗಟ್ಟಿಕಲ್ಲು. ಅದರ ಮೇಲೆ ಮಳೆ ಬಿಸಿಲಿಗೆ ಶಿಥಿಲವಾದ ಕಲ್ಲು, ಹೊಳೆ ಪಾತ್ರದಲ್ಲಿ ಅದರ ಮೇಲೆ ಮರಳು. ಈ ಪದರಗಳು ಮಟ್ಟಸವಾಗಿ ಕೂತಿರುವುದಿಲ್ಲ. ಸುರಂಗದ ಕೆಳಗಿನ ಅರ್ಧ ಉಳಿಗೂ ಜಗ್ಗದ ಕಲ್ಲು, ಮೇಲಿನ ಅರ್ಧ ಮುಟ್ಟಿದರೆ ಸುರಿಯುವ ಮರಳು ಎಂಬ ಸ್ಥಿತಿ ಬಂದರೆ ಇಂದಿನ ಯಂತ್ರಗಳೂ ಮುಗ್ಗರಿಸುತ್ತವೆ. ಅದಕ್ಕೇ ಈಗ ಹೊಳೆಯ ಅಡ್ಡಕ್ಕೆ ಮೊದಲು ಸಾಲಾಗಿ ಕೊಳವೆ ಕೊರೆದು, ಕಲ್ಲಿನ ತುಂಡುಗಳನ್ನು ಹೊರತೆಗೆದು ನೋಡುತ್ತಾರೆ. ಮರಳೂ ಮಣ್ಣೂ ಇರುವ ಕಡೆ 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಕೇಳಲು ಒರಟು ವಿಧಾನ, ಆದರೆ ನೆಲದ ಗಟ್ಟಿತನ ತಿಳಿಯಲು ಇಡೀ ಜಗತ್ತು ಇದನ್ನೇ ನಂಬಿದೆ.

ನಮ್ಮ ಹಿರಿಯರಿಗೆ ಹೊಳೆಯ ಎಂಜಿನಿಯರಿಂಗ್ ಗೊತ್ತಿರಲಿಲ್ಲ ಎಂದು ಇದರರ್ಥವಲ್ಲ. ನಂಜನಗೂಡಿನಲ್ಲಿ ಕಪಿಲೆಯ ಮೇಲಿನ ಹಳೆಯ ಕಲ್ಲುಸೇತುವೆ 1735ರ ಕಾಲದ್ದೆಂದು ಹೆಸರಾಗಿದೆ, ಮುಂದೆ ಅದರ ಮೇಲೆ ರೈಲೂ ಓಡಿತು. ತಲಕಾಡಿನ ಬಳಿ ಮಾಧವಮಂತ್ರಿ ಕಟ್ಟೆ, ನಂಜನಗೂಡಿನ ಮೇಲುಗಡೆ ಹುಲ್ಲಹಳ್ಳಿ ಕಟ್ಟೆ ಇವೆ. ಅವರು ಹೊಳೆಗೆ ಅಡ್ಡ ಕಟ್ಟಿದರು, ಹೊಳೆಯ ಮೇಲೆ ದಾಟಿದರು. ಕೋಟೆಗಳಲ್ಲಿ ದಿಡ್ಡಿ ಬಾಗಿಲು, ಗೋಡೆಯ ಅಡಿಯ ಕಿರುದಾರಿ ಇದ್ದದ್ದೂ ನಿಜ. ಹೊಳೆಯ ಅಡಿಯಲ್ಲಿ ಮೈಲಿಗಟ್ಟಲೆ ಕುದುರೆ ಓಡಿಸುವ ಸುರಂಗಕ್ಕೆ ಬೇಕಾದ ಪಂಪು, ಗಾಳಿ, ಗೋಡೆ ಆ ಕಾಲದಲ್ಲಿ ಎಲ್ಲೂ ಇರಲಿಲ್ಲ.

ಮೈಸೂರಿಗೆ ವಾಪಸು

ಬಾಂಬೆ ನೌಕರಿ ಬಿಟ್ಟ ಮೇಲಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು, ಬೇಗ ಹೇಳಿ ಮುಗಿಸುತ್ತೇವೆ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ಹೊಳೆ ಹೈದರಾಬಾದನ್ನು ಕೊಚ್ಚಿಹಾಕಿತು. ಮರುವರ್ಷ ಅವರು ಅಲ್ಲಿಗೆ ಹೋಗಿ ಪ್ರವಾಹ ತಡೆಯುವ ಯೋಜನೆ ಮಾಡಿಕೊಟ್ಟರು. ಅದೇ 1909ರ ನವೆಂಬರ್‌ನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು, 1912ರಲ್ಲಿ ದಿವಾನರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು.

ಕಟ್ಟೆಯ ವಿಷಯದಲ್ಲಿ ಬುನಾದಿಯ ಒಂದು ಸಂಗತಿ ಮಾತ್ರ ಹೇಳಬೇಕು. ಮದ್ರಾಸ್ ಸರ್ಕಾರದ ತಕರಾರಿನಿಂದಾಗಿ ಮೊದಲಿಗೆ 11 ಟಿಎಂಸಿ ನೀರು ನಿಲ್ಲಿಸುವ ಚಿಕ್ಕ ಕಟ್ಟೆಗಷ್ಟೇ ಒಪ್ಪಿಗೆ ಸಿಕ್ಕಿತು. ಅವರು ಬುನಾದಿಯನ್ನು ಮಾತ್ರ 41.5 ಟಿಎಂಸಿಯ ದೊಡ್ಡ ಕಟ್ಟೆಗೆ ತಕ್ಕಂತೆ ಹಾಕಿಸಿದರು. ಗೋಡೆಯನ್ನು ಆಮೇಲೆ ಎತ್ತರಿಸಬಹುದು, ಹೊಳೆಯ ತಳದಲ್ಲಿ ಬುನಾದಿ ಅಗಲಿಸುವುದು ಆಗದ ಮಾತು. ಇದನ್ನು ಎದುರಾಳಿಗಳು ಮೋಸ ಎಂದರು, ಮೈಸೂರಿನವರು ಮುಂದಾಲೋಚನೆ ಎಂದರು. ಕಾವೇರಿ ಜಗಳದ ಒಂದು ಬೇರು ಇಲ್ಲೂ ಇದೆ ಎಂಬುದನ್ನು ನಾವು ಮುಚ್ಚಿಡಬೇಕಿಲ್ಲ. ಕಟ್ಟೆಯನ್ನು ಅವರೊಬ್ಬರೇ ಕಟ್ಟಿದರು ಎಂಬ ಮಾತನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲ, ಸುರ್ಕಿ ಗಾರೆ ಕಲಸಿದ ಸಾವಿರಾರು ಕೂಲಿಗಳು, ಊರು ಮುಳುಗಿಸಿಕೊಂಡ ಕನ್ನಂಬಾಡಿಯ ಜನ, ಎರಡು ದಶಕದ ದುಡಿಮೆ ಎಲ್ಲ ಸೇರಿದ ಕಟ್ಟೆ ಅದು.

1918ರಲ್ಲಿ ಅವರು ದಿವಾನಗಿರಿಗೆ ರಾಜೀನಾಮೆ ಕೊಟ್ಟರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಕುರಿತು ಮಿಲ್ಲರ್ ಸಮಿತಿ ನೇಮಕವಾದಾಗ ಆ ವಿಚಾರಕ್ಕೆ ಅವರ ಸಮ್ಮತಿ ಇರಲಿಲ್ಲ. ಅವರ ಎಂಜಿನಿಯರಿಂಗನ್ನು ಎಷ್ಟು ಮೆಚ್ಚಿದರೂ ಆ ನಿಲುವನ್ನು ಒಪ್ಪುವುದು ನಮಗೆ ಕಷ್ಟ. ಹೊಳೆಯ ನೀರನ್ನು ಬಡ ಊರಿಗೆ ಹಂಚಲು ದಾರಿ ಹುಡುಕಿದವರು ಅವಕಾಶ ಹಂಚುವ ಮಾತು ಬಂದಾಗ ಹಿಂದೆ ಸರಿದದ್ದು ಈಗಲೂ ಚರ್ಚೆಯಾಗಬೇಕಾದ ಸಂಗತಿ.

ಹುಲಿಕೆರೆಯ ಬೆಟ್ಟದೊಳಗೆ

ಅಧಿಕಾರ ಬಿಟ್ಟರೂ ಕಾವೇರಿ ಅವರನ್ನು ಬಿಡಲಿಲ್ಲ. ಕಟ್ಟೆಯ ಎಡದಂಡೆಯಿಂದ ಮಂಡ್ಯದ ಒಣಭೂಮಿಗೆ ಕಾಲುವೆ ಒಯ್ಯುವ ಕೆಲಸಕ್ಕೆ ಸಮಿತಿಯಾದಾಗ ಅಧ್ಯಕ್ಷರಾಗಿ ಬಂದರು. ಕಾಲುವೆಗೆ ಹುಲಿಕೆರೆ ಬಳಿ ದಿಣ್ಣೆಯ ಸಾಲು ಅಡ್ಡವಾಗಿತ್ತು. ಸುತ್ತು ಹಾಕಿದರೆ ಉದ್ದ ಹೆಚ್ಚುತ್ತದೆ, ಮಟ್ಟ ಇಳಿದುಹೋಗಿ ಆಚೆಯ ಹೊಲಗಳಿಗೆ ನೀರು ಹತ್ತುವುದಿಲ್ಲ. ಆದ್ದರಿಂದ ದಿಣ್ಣೆಯ ಹೊಟ್ಟೆಯಲ್ಲೇ ಸುಮಾರು 2.8 ಕಿ.ಮೀ. ಉದ್ದದ ಸುರಂಗ ಕೊರೆದರು.

ಸುಕ್ಕೂರಿನ ಸುರಂಗಕ್ಕೂ ಇದಕ್ಕೂ ಅಜಗಜಾಂತರ. ಅಲ್ಲಿ ನೀರು ಗೋಡೆಯಿಂದ ಒಳಗೆ ಬಸಿಯಬೇಕು, ಇಲ್ಲಿ ಒಳಗಿನ ನೀರು ಗೋಡೆಯಿಂದ ಹೊರಗೆ ಸೋರಬಾರದು. ಇಲ್ಲಿನ ಅಪಾಯ ಕಲ್ಲಿನ ಸೀಳುಗಳದು. ಸಿಡಿಮದ್ದು ಹಾರಿಸಿದಾಗ ಸೀಳುಗಳು ಎಲ್ಲಿ ಒಂದನ್ನೊಂದು ಕತ್ತರಿಸುತ್ತವೆಯೋ ಅಲ್ಲಿ ಚಾವಣಿಯ ಕಲ್ಲು ಕಳಚಿ ಬೀಳುತ್ತದೆ. 1930ರ ದಶಕದ ಆರಂಭದಲ್ಲಿ ನೀರು ಸುರಂಗ ದಾಟಿ ಆಚೆ ಹರಿಯಿತು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಹುಟ್ಟಿದ್ದು ಆ ನೀರಿನ ಧೈರ್ಯದ ಮೇಲೆ. ಮೊದಲು ಇರ್ವಿನ್ ನಾಲೆ ಎಂದಿದ್ದ ಹೆಸರು ಆಮೇಲೆ ವಿಶ್ವೇಶ್ವರಯ್ಯ ನಾಲೆ ಎಂದಾಯಿತು. ಜನರ ಬಾಯಲ್ಲಿ ವಿ.ಸಿ. ನಾಲೆ. ಅದರ ತುರುಗನೂರು ಶಾಖೆ ಟಿ. ನರಸೀಪುರ ತಾಲ್ಲೂಕಿನ ಗದ್ದೆಗಳವರೆಗೂ ಬರುತ್ತದೆ. ಆ ಗದ್ದೆಗಳಿಗೆ ಮಡೆ ತಿರುಗಿಸುವ ರೈತರಿಗೆ ತಮ್ಮೂರ ನೀರು ನಿಜವಾದ ಒಂದು ಸುರಂಗದ ಮೂಲಕ ಬರುತ್ತಿದೆ ಎಂಬುದು ಎಷ್ಟು ಜನರಿಗೆ ಗೊತ್ತೋ.

ಕೊನೆಯ ಹೊಳೆ ಗಂಗೆ. ಬಿಹಾರದ ಮೊಕಾಮಾ ಬಳಿ ಗಂಗೆಗೆ ಸೇತುವೆ ಎಲ್ಲಿ ಹಾಕಬೇಕು ಎಂಬ ವಾದ ಬಂದಾಗ, 1952ರಲ್ಲಿ, ತೊಂಬತ್ತು ದಾಟಿದ್ದ ಅವರನ್ನೇ ಕೇಳಿದರು. ಅವರು ಅಲ್ಲಿಗೆ ಹೋಗಿ ಜಾಗ ನೋಡಿದರು. ಆಗ ಅವರ ಕಣ್ಣ ಮುಂದಿದ್ದದ್ದು ಪಾಂಜ್ರಾದಲ್ಲಿ ಇಪ್ಪತ್ತರ ಹರೆಯದಲ್ಲಿ ಎದುರಾಗಿದ್ದ ಪ್ರಶ್ನೆಯೇ, ಈ ಮರಳಿನ ಕೆಳಗೆ ಏನಿದೆ, ಹೊಳೆ ಮುಂದಿನ ಮಳೆಗಾಲದಲ್ಲಿ ಎತ್ತ ತಿರುಗುತ್ತದೆ ಎಂಬುದು. 1955ರಲ್ಲಿ ಭಾರತರತ್ನ ಬಂತು. ಮೊಕಾಮಾ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. 1962ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.